ಅವ್ವ ನೀರು ಬಿಟ್ಟ ಶನಿವಾರಗಳು

ನಮ್ಮವ್ವ ನನ್ನ ಕೆಲಸವನ್ನು ಒಂದು ದಿನವೂ ಹೊಗಳಿದವಳಲ್ಲ. ಬಯ್ದವಳೂ ಅಲ್ಲ ಅನ್ನಿ. ಬಯ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಜಗಳಕ್ಕೆ ನಾನು ಯಾವಾಗಲೂ ತಯಾರು. ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುತ್ತೇನೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಅವ್ವ ಹಾಗಲ್ಲ. ನಾನು ಏನು ಹೇಳಿದರೂ "ಹೂಂ" ಎನ್ನುತ್ತಾಳೆ, ಮುಂದಿನ ಕೆಲಸಕ್ಕೆ ಏಳುತ್ತಾಳೆ. ಐವತ್ತು ದಾಟಿ, ತಲೆ ಬೆಳ್ಳಗಾಗಿ, ನನ್ನ ಕೈಕೆಳಗೆ ಓದಿದವರೇ ಮೇಷ್ಟರಾದ ಮೇಲೂ, ಅವ್ವ ಒಂದು ಸಲ "ಚಲೋ ಮಾಡೀದಿ" ಅನ್ನಲಿ ಎಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಖರೇ ಮಾತು.

ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬೇರೆ ಜೀವಿಗಳು ಸತ್ತೇಹೋಗುವಷ್ಟು ಸುಡುವ ಜಾಗದಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು ಹುಡುಕುವುದು, ಸಾಕುವುದು, ಅವು ಹೇಗೆ ತಡೆದುಕೊಳ್ಳುತ್ತವೆ ಎಂದು ತಿಳಿಯುವುದು. ಕೇಳಿದವರಿಗೆ ದೊಡ್ಡ ವಿಷಯ ಅನ್ನಿಸಬಹುದು. ನಮ್ಮ ಮನೆಯಲ್ಲಿ ಮಾತ್ರ ಇದು ಮುಜುಗರದ ಸಂಗತಿ. ನಾವು ಜೈನರು. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ, ನೆಲದೊಳಗಿನ ಗಡ್ಡೆ ತಿನ್ನದ ಮನೆತನ. ಅಂಥಲ್ಲಿ ಹುಟ್ಟಿದ ನಾನು ಕಣ್ಣಿಗೆ ಕಾಣದ ಜೀವಗಳನ್ನು ಡಬ್ಬಿಯಲ್ಲಿ ಬೆಳೆಸುತ್ತೇನೆ, ಕೆಲಸ ಮುಗಿದ ಮೇಲೆ ಬೇಯಿಸಿ ಚೆಲ್ಲುತ್ತೇನೆ. ಬೀಗರ ಮದುವೆಗಳಲ್ಲಿ ಯಾರಾದರೂ "ಏನ ಕೆಲಸಾ ಮಾಡ್ತೀರಿ?" ಎಂದು ಕೇಳಿದರೆ "ಹುಡುಗರಿಗೆ ಕಲಸ್ತೇನ್ರಿ" ಎಂದು ತೇಲಿಸಿಬಿಡುತ್ತೇನೆ.

ಆದರೆ ಈ ಹುಚ್ಚು ಹತ್ತಿಸಿದವಳು ಅವ್ವನೇ. ಖಾನಾಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಾವಿ ಇದೆ. ಅವ್ವ ಬೆಳಿಗ್ಗೆ ನೀರು ಸೇದಿ, ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ಸೋಸುತ್ತಿದ್ದಳು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡುವಂತಿಲ್ಲ. ಅದನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹುಯ್ದು, ಅಂಟಿಕೊಂಡಿದ್ದನ್ನೆಲ್ಲ ಒಂದು ಪುಟ್ಟ ಹಿತ್ತಾಳೆ ಚರಿಗೆಗೆ ಇಳಿಸಿ, ಅದೇ ಬಾವಿಗೆ ವಾಪಸು ಬಿಡಬೇಕು. ಬಿಡುವುದೆಂದರೆ ಮೇಲಿಂದ ಸುರಿಯುವುದಲ್ಲ. ಆ ಚರಿಗೆಯ ತಳದಲ್ಲೂ ಒಂದು ಕೊಂಡಿ ಇತ್ತು, ಅದಕ್ಕೊಂದು ಬೇರೆ ಹಗ್ಗ. ಚರಿಗೆ ನೀರು ಮುಟ್ಟುವವರೆಗೆ ಇಳಿಸಿ, ತಳದ ಹಗ್ಗವನ್ನು ಎಳೆದರೆ ಅದು ಅಲ್ಲೇ ನೀರಿನ ಮೇಲೆ ಮೆಲ್ಲಗೆ ಮಗುಚುತ್ತಿತ್ತು. ನಾನು ಸಣ್ಣವಳಿದ್ದಾಗ ಒಮ್ಮೆ ಅವಸರ ಮಾಡಿ ಮೇಲಿಂದಲೇ ಸುರಿದುಬಿಟ್ಟಿದ್ದೆ.

"ಅಷ್ಟ ಎತ್ತರದಿಂದ ನಿನ್ನ ದಬ್ಬಿದ್ರ ಹೆಂಗ ಆಕ್ಕಿತ್ತು?" ಎಂದಳು ಅವ್ವ.

"ಏನೂ ಕಾಣವಲ್ದಲ್ಲ, ಬರೀ ನೀರು ಅದು."

"ನಿನ್ನ ಕಣ್ಣಿಗೆ ಕಾಣೂದಿಲ್ಲಂತ ಅವು ಇಲ್ಲಂದ್ರ ಹೆಂಗ?"

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೆಳಗಾವಿಗೆ ಕಾಲೇಜಿಗೆ ಬಂದಾಗ ನಾನು ಮೊದಲು ಮಾಡಿದ ಕಳ್ಳಕೆಲಸ ಎಂದರೆ, ನಮ್ಮ ಬಾವಿಯ ನೀರನ್ನು ಔಷಧಿ ಬಾಟಲಿಯಲ್ಲಿ ತಂದು, ಮೇಷ್ಟರಿಲ್ಲದ ಹೊತ್ತು ನೋಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟದ್ದು. ಓಡಾಡುತ್ತಿದ್ದವು. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ತಿರುಗುತ್ತ, ಒಂದು ಹನಿಯಲ್ಲಿ ಅಷ್ಟೊಂದು. ಆ ವಾರ ಊರಿಗೆ ಹೋದವಳೇ ಚಪ್ಪಲಿ ಬಿಡುವ ಮುಂಚೆಯೇ ಹೇಳಿದೆ, "ಅವ್ವ, ನೋಡಿದೆ. ಖರೇನ ಅದಾವ." ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಹೂಂ, ಕೈ ತೊಳಕೋ, ಉಣ್ಣಾಕ ಕುಂದರು" ಎಂದಳು.

ಬಿಸಿಯ ಜೀವಿಗಳ ಕಡೆಗೆ ನಾನು ತಿರುಗಿದ್ದು ಬಹಳ ಆಮೇಲೆ. ಖಾನಾಪುರದಿಂದ ನಂದಗಡದ ದಾರಿಯಲ್ಲಿ ಹೋಗುವಾಗ ಇಟ್ಟಂಗಿ ಭಟ್ಟಿಗಳು ಕಾಣುತ್ತವೆ. ಹುಟ್ಟಿದಾಗಿನಿಂದ ನೋಡಿದ್ದೇ. ಅದರಲ್ಲಿ ವಿಜ್ಞಾನ ಇದೆ ಎಂದು ಹೊಳೆದಿರಲಿಲ್ಲ. ಒಮ್ಮೆ ಕಾರು ಕೆಟ್ಟು ನಿಂತಾಗ, ಸುಮ್ಮನೆ ಕೂರಲಾಗದೆ ಒಂದು ಭಟ್ಟಿಯ ಹತ್ತಿರ ಹೋದೆ. ಬೆಂದ ಇಟ್ಟಿಗೆಗಳನ್ನು ತೆಗೆದು ಲಾರಿಗೆ ಹೇರಿಯಾಗಿತ್ತು, ಆದರೂ ನೆಲ ಚಪ್ಪಲಿಯೊಳಗಿಂದ ಸುಡುತ್ತಿತ್ತು. ಬೆಂಕಿ ನಂದಿ ಎಷ್ಟೋ ದಿನವಾದರೂ ಇಲ್ಲಿಯ ಮಣ್ಣು ಹೀಗೇ ಕಾದಿರುತ್ತದೆ, ವರ್ಷಕ್ಕೆ ಹಲವು ಸಲ ಕಾಯುತ್ತದೆ. ಇದರೊಳಗೆ ಯಾರಾದರೂ ಸಂಸಾರ ಹೂಡಿರಬಹುದಲ್ಲ ಎಂದು ಅನ್ನಿಸಿತು. ಮರುವಾರ ಮಣ್ಣು ಕೆದಕಲು ಕೈಕುರ್ಪಿ, ತಾಪಮಾಪಕ ತೆಗೆದುಕೊಂಡು ಬಂದೆ. ಭಟ್ಟಿಯ ಮಾಲೀಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತ.

"ಮೇಡಮ್ಮಾರ, ಎಲ್ಲಾರೂ ಇಟ್ಟಂಗಿ ಒಯ್ತಾರು, ನೀವು ಬೂದಿಮಣ್ಣ ಒಯ್ತೀರಿ. ಖರೇ ಹೇಳ್ರಿ, ಬಂಗಾರ ಗಿಂಗಾರ ಐತೇನು ಇದರಾಗ?"

"ಇದ್ರ ನಿಮಗ ಹೇಳತಿದ್ನೇನ್ರಿ?" ಎಂದೆ. ಅವನು ನಕ್ಕು ಚಹಾ ತರಿಸಿದ.

ಆ ಮಣ್ಣನ್ನು ಸುಮ್ಮನೆ ಚೀಲಕ್ಕೆ ಹಾಕಿ ತರುವಂತಿಲ್ಲ. ನಮಗೆ ಹಿತವಾದ ಗಾಳಿ ಆ ಜೀವಿಗಳಿಗೆ ಹಿಮದಷ್ಟು ಥಂಡಿ. ಅದರಲ್ಲಿ ಅವು ಬೆಳೆಯುವುದನ್ನು ನಿಲ್ಲಿಸಿ ಮುದುಡಿಕೊಳ್ಳುತ್ತವೆ. ಅದಕ್ಕೆ ಚಹಾ ಒಯ್ಯುವ ಥರ್ಮಾಸಿನಲ್ಲಿ ತುಂಬಿ ತರುತ್ತಿದ್ದೆ. ದಾರಿಯಲ್ಲಿ ಮನೆಗೆ ಹಣಿಕಿ ಹಾಕಿದಾಗ ಅದನ್ನು ಅಡುಗೆ ಕಟ್ಟೆಯ ಮೇಲಿಟ್ಟೆ. ತಮ್ಮನ ಹೆಂಡತಿ ಚಹಾ ಎಂದುಕೊಂಡು ಕಪ್ಪಿಗೆ ಬಗ್ಗಿಸಿದಳು, ಕೆಂಪು ಮಣ್ಣು ದಬದಬನೆ ಬಿತ್ತು. ಅವಳು ಇವತ್ತಿಗೂ ನನ್ನ ಕೈಯ ಥರ್ಮಾಸನ್ನು ಮೂಸಿ ನೋಡಿಯೇ ಮುಟ್ಟುತ್ತಾಳೆ. ಅವ್ವ ಮಾತ್ರ ನಗಲಿಲ್ಲ. "ಥಂಡಿ ತಡಿಯೂದಿಲ್ಲ ಅಂದೀ ಅವು?" ಎಂದು ಕೇಳಿದಳು. ಹೌದೆಂದೆ. ಒಳಗೆ ಹೋಗಿ ತನ್ನ ಹಳೆಯ ಉಣ್ಣೆಯ ಶಾಲು ತಂದು ಥರ್ಮಾಸಿಗೆ ಸುತ್ತಿ ಕೊಟ್ಟಳು. ಬೆಳಗಾವಿಯಲ್ಲಿ ರೇಲ್ವೆ ಗೇಟು ಹಾಕಿ ಕಾರು ನಿಂತಾಗ, ಶಾಲು ಸುತ್ತಿದ ಮಣ್ಣನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ನನ್ನನ್ನು ಬಾಜೂ ಸ್ಕೂಟರಿನ ಹೆಂಗಸು ಕೂಸು ಇರಬೇಕೆಂದು ಬಗ್ಗಿ ನೋಡಿದಳು.

ಕೆಲಸ ಸಲೀಸಾಗಿ ಆಗಲಿಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸುವುದು ಒಂದು ಬಗೆಯ ಗಟ್ಟಿ ಗಂಜಿಯ ಮೇಲೆ, ಚಪ್ಪಟೆ ಡಬ್ಬಿಗಳಲ್ಲಿ. ನಾವಿಡುವ ಕಾವಿಗೆ ಆ ಗಂಜಿಯೇ ಮೆತ್ತಗಾಗುತ್ತಿತ್ತು, ಇಲ್ಲವೇ ಒಣಗಿ ಹಪ್ಪಳವಾಗುತ್ತಿತ್ತು. ಬೇರೆ ಗಂಜಿ ಹುಡುಕಿ, ಒದ್ದೆ ಹತ್ತಿ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂತೂ ಒಂದಷ್ಟು ಬೆಳೆದವು. ಆದರೆ ಒಂದು ಜಾತಿ ಮಾತ್ರ ನನ್ನನ್ನು ಸತಾಯಿಸುತ್ತಿತ್ತು. ಭಟ್ಟಿಯ ತಳದ ಮಣ್ಣಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುತ್ತಿತ್ತು, ಸಣಕಲು ಉದ್ದನೆಯ ಗೆರೆಗಳ ಹಾಗೆ. ಡಬ್ಬಿಗೆ ಹಾಕಿದರೆ ಏನೂ ಇಲ್ಲ. ವಿದ್ಯಾರ್ಥಿಗಳು "ಅದು ಸತ್ತದ್ದು ಇರಬೇಕ್ರಿ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಬೇಡಾದ ಡಬ್ಬಿಗಳನ್ನೆಲ್ಲ ಶನಿವಾರ ಚೆಲ್ಲುವುದು ನಮ್ಮಲ್ಲಿಯ ಪದ್ಧತಿ. ಹಾಗೇ ಕಸದ ಬುಟ್ಟಿಗೆ ಹಾಕುವಂತಿಲ್ಲ, ಏನು ಬೆಳೆದಿದೆಯೋ ಯಾರಿಗೆ ಗೊತ್ತು. ದೊಡ್ಡ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿ ಹಾಕಿ, ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಬೇಯಿಸಿ, ಒಂದು ಜೀವವೂ ಉಳಿದಿಲ್ಲ ಎಂದಾದ ಮೇಲೆ ಹೊರಗೆ. ಅದು ನಮ್ಮ ಕೆಲಸದ ಮೊದಲ ನಿಯಮ, ಬಿಡುವ ಹಾಗಿಲ್ಲ.

ಅವ್ವ ಫೋನು ಮಾಡುತ್ತಿದ್ದದ್ದೂ ಶನಿವಾರವೇ, ಹೊತ್ತು ಮುಳುಗುವ ಮುಂಚೆ. ಮೊದಲೆಲ್ಲ ಅವಳ ಮಾತು ಎರಡೇ, ಉಂಡ್ಯಾ, ಮನಿ ಮಂದಿ ಆರಾಮ ಅದಾರಾ. ಕೆಲವು ವರ್ಷಗಳಿಂದ ಇನ್ನೊಂದು ಸೇರಿತ್ತು. "ಈ ವಾರ ಏನ ಮಾಡೀದಿ?" ನಾನು ಹಿಗ್ಗಿಹೋಗುತ್ತಿದ್ದೆ. ಯಾವುದು ಬೆಳೆಯಿತು, ಯಾವುದು ಬೆಳೆಯಲಿಲ್ಲ, ಎಷ್ಟು ಕಾವಿಗೆ ಯಾವುದು ತಡೆಯಿತು, ಎಲ್ಲವನ್ನೂ ಹೇಳುತ್ತಿದ್ದೆ. ಕೊನೆಗೆ "ಹಳೇವೆಲ್ಲಾ ಕುಕ್ಕರಿಗೆ ಹಾಕಿ ಮುಗಿಸಿದೆ ನೋಡು" ಎನ್ನುತ್ತಿದ್ದೆ. "ಹೂಂ" ಎಂದು ಫೋನು ಇಡುತ್ತಿದ್ದಳು. ಆ ಧ್ವನಿ ಕೆಲವು ಸಲ ಬತ್ತಿದಂತೆ ಕೇಳುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದೆ.

ಈ ಬೇಸಿಗೆಯ ಆರಂಭದಲ್ಲಿ ತಮ್ಮ ಫೋನು ಮಾಡಿದ. ಅವನಿಗೆ ಖಾನಾಪುರದಲ್ಲಿ ಬಟ್ಟೆ ಅಂಗಡಿ, ಅವ್ವ ಅವನ ಸಂಸಾರದ ಜೊತೆಗೇ ಇರುತ್ತಾಳೆ. "ಅಕ್ಕ, ಅವ್ವಗ ಪಕ್ಕಡಿ ಭಾಳ ನೂಸಾಕತ್ತೈತಿ. ಕರಕೊಂಡ ಬರಾಕತ್ತೇನಿ" ಎಂದ. ಆಸ್ಪತ್ರೆಗೆ ಬಂದಾಗ ಅವ್ವ ನೋವಿಗೆ ಎರಡಾಗಿ ಮಡಚಿಕೊಂಡಿದ್ದಳು, ಆದರೂ ಬಾಯಿಂದ ಒಂದು ಶಬ್ದವಿಲ್ಲ. ಮೂತ್ರಪಿಂಡದಲ್ಲಿ ಹರಳು. ಒಂದು ಕಡೆ ಬಾತುಕೊಂಡಿತ್ತು. ಡಾಕ್ಟರು ಹರಳು ತೆಗೆದರು. ನೀರು ಬಹಳ ಕಡಿಮೆ ಕುಡಿಯುತ್ತಾರೆ, ಹೆಚ್ಚಿಸಬೇಕು ಎಂದರು. ಅವ್ವ ಕಾಸಿ ಆರಿಸಿದ ನೀರನ್ನಷ್ಟೇ ಕುಡಿಯುವ ನೇಮದವಳು, ಸೂರ್ಯಾಸ್ತದ ಮೇಲೆ ಅದೂ ಇಲ್ಲ. "ಹಗಲೊತ್ತಿನ್ಯಾಗ ಕುಡೀರಿ ಆಯಿ, ಕಾಸಿದ್ದ ಕುಡೀರಿ, ಆದ್ರ ತುಂಬ ಕುಡೀರಿ" ಎಂದು ಡಾಕ್ಟರು ಒಪ್ಪಂದಕ್ಕೆ ಬಂದರು. ಅವ್ವ ತಲೆಯಾಡಿಸಿದಳು.

ಮಳೆ ಶುರುವಾಗುವ ಮುಂಚೆಯೇ ಮತ್ತೆ ಅದೇ ನೋವು, ಅದೇ ಆಸ್ಪತ್ರೆ. ಈ ಸಲ ಡಾಕ್ಟರಿಗೂ ಸಿಟ್ಟು ಬಂತು. ಹೀಗೇ ನಡೆದರೆ ಒಂದು ಮೂತ್ರಪಿಂಡದ ಆಸೆ ಬಿಡಿ, ಈ ವಯಸ್ಸಿನಲ್ಲಿ ಆಮೇಲೆ ಏನು ಮಾಡುವುದಕ್ಕೂ ಬರುವುದಿಲ್ಲ ಎಂದು ನನ್ನನ್ನೇ ಹೊರಗೆ ಕರೆದು ಹೇಳಿದರು. ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೆ. ತಮ್ಮನ ಹೆಂಡತಿ ಬಂದು ಬಾಜೂ ಕೂತಳು.

"ಅಕ್ಕಾರ, ನಾ ಹೇಳಿದೆ ಅಂತ ಅತ್ತಿಯವರ ಮುಂದ ಹೇಳಬ್ಯಾಡ್ರಿ. ಶನಿವಾರ ಅವರು ಊಟಾನೂ ಮಾಡೂದಿಲ್ಲ, ಒಂದ ಹನಿ ನೀರೂ ಮುಟ್ಟೂದಿಲ್ಲ. ಅಷ್ಟಮಿ, ಚತುರ್ದಶಿ ಉಪವಾಸ ಬ್ಯಾರೇನ. ಇಂಥಾ ಬ್ಯಾಸಿಗ್ಯಾಗೂ ಬಿಡಲಿಲ್ರಿ."

"ಯಾವಾಗಿಂದ?"

"ನಿಮ್ಮ ಸುದ್ದಿ ಪೇಪರಿನ್ಯಾಗ ಬಂದಿತ್ತಲ್ರೀ, ಆವಾಗಿಂದ."

ಕೆಲವು ವರ್ಷಗಳ ಹಿಂದೆ ನಾನು ಒಂದು ಕಡೆ ಮಾಡಿದ ಉಪನ್ಯಾಸದ ವರದಿ ಸ್ಥಳೀಯ ಪತ್ರಿಕೆಯಲ್ಲಿ ಬಂದಿತ್ತು. ಕುದಿಯುವ ನೀರಿನಲ್ಲೂ ಜೀವ ಉಳಿಯುತ್ತದೆ ಎಂಬ ಅರ್ಥದ ದೊಡ್ಡ ತಲೆಬರಹ ಹಾಕಿದ್ದರು. ತಮ್ಮ ಅದನ್ನು ಮನೆಯಲ್ಲಿ ಎಲ್ಲರ ಮುಂದೆ ಜೋರಾಗಿ ಓದಿದ್ದನಂತೆ. ಅಲ್ಲಿಗೆ ಎಲ್ಲ ತಿಳಿದಂತಾಯಿತು. ಕಾಸಿದ ನೀರಿನಲ್ಲಿ ಜೀವವಿಲ್ಲ ಎಂದು ನಂಬಿ ಇಷ್ಟು ವರ್ಷ ಅದನ್ನೇ ಕುಡಿದವಳು, ಅದರಲ್ಲೂ ಜೀವ ಇದೆ ಎಂದು ಮಗಳ ಬಾಯಿಂದಲೇ ಬಂದ ಮೇಲೆ, ನೀರನ್ನೇ ಕಡಿಮೆ ಮಾಡಿದ್ದಾಳೆ. ನಾನು ಯಾರಿಗೋ ಮಾಡಿದ ಭಾಷಣ ಅವ್ವನ ಮೂತ್ರಪಿಂಡ ತಿನ್ನುತ್ತಿದೆ.

ಅವ್ವ ಖಾನಾಪುರಕ್ಕೆ ವಾಪಸಾದ ಮೇಲೆ ನಾನು ಆ ವಾರವೆಲ್ಲ ಇದನ್ನೇ ಹೊತ್ತು ತಿರುಗಿದೆ. ಮೊದಲು ವರದಿಗಾರನ ಮೇಲೆ ಸಿಟ್ಟು ಬಂತು, ಆಮೇಲೆ ಓದಿ ಹೇಳಿದ ತಮ್ಮನ ಮೇಲೆ, ಕೊನೆಗೆ ಅವ್ವನ ಮೇಲೂ. "ಅದೆಲ್ಲ ಸುಳ್ಳು, ಕಾಸಿದ ನೀರಾಗ ಏನೂ ಇರೂದಿಲ್ಲ" ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅದು ಸುಳ್ಳು. ಕೆಲವು ಸೂಕ್ಷ್ಮಜೀವಿಗಳು ಕಷ್ಟಕಾಲ ಬಂದರೆ ತಮ್ಮ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಎಲ್ಲ ವ್ಯವಹಾರ ನಿಲ್ಲಿಸಿಬಿಡುತ್ತವೆ. ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ನೀರು ಕುದಿದರೂ ಅವಕ್ಕೆ ಲೆಕ್ಕವಿಲ್ಲ. ಅವನ್ನು ಬದುಕಿವೆ ಅನ್ನಬೇಕೋ ಸತ್ತಿವೆ ಅನ್ನಬೇಕೋ ಎಂದು ನಾನೇ ತರಗತಿಯಲ್ಲಿ ಹುಡುಗರಿಗೆ ಪ್ರಶ್ನೆ ಹಾಕಿ ಮಜಾ ನೋಡುತ್ತಿದ್ದೆ. ಈಗ ಆ ಪ್ರಶ್ನೆ ನನ್ನ ಮನೆಯ ಅಡುಗೆಮನೆಗೆ ಬಂದು ಕೂತಿತ್ತು. ಹತ್ತಾರು ವರ್ಷ ಓದಿ ನಾನು ತಿಳಿದದ್ದನ್ನು ಅವ್ವನಿಗೆ ಸುಳ್ಳು ಮಾಡಿ ಹೇಳುವುದೋ, ಖರೇ ಹೇಳಿ ಅವಳ ಬಾಯಿಂದ ಇನ್ನೊಂದು ಲೋಟ ಕಸಿಯುವುದೋ? ಕೊನೆಗೆ ಖರೇನೇ ಹೇಳುವುದು, ಆದರೆ ಪೂರ್ತಿ ಹೇಳುವುದು ಎಂದು ಗಟ್ಟಿ ಮಾಡಿಕೊಂಡು ಭಾನುವಾರ ಬೆಳಿಗ್ಗೆ ಕಾರು ಹತ್ತಿದೆ.

ಅವ್ವ ಪಡಸಾಲೆಯಲ್ಲಿ ಮೊರ ಹಿಡಿದುಕೊಂಡು ಜೋಳ ಹಸನ ಮಾಡುತ್ತಿದ್ದಳು. ಸಿಕ್ಕ ಹುಳವನ್ನು ಬೆರಳ ತುದಿಯಲ್ಲಿ ಎತ್ತಿ, ಪಕ್ಕದಲ್ಲಿದ್ದ ಹಿಡಿ ಕಾಳಿನ ಬಟ್ಟಲಿಗೆ ಬಿಡುತ್ತಿದ್ದಳು. ಹೊರಗೆ ಇಡುವಾಗ ಅವಕ್ಕೆ ತಿನ್ನಲೂ ಏನಾದರೂ ಬೇಕಲ್ಲ. ನಾನು ಎದುರಿಗೆ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಶುರುಮಾಡಿದೆ.

"ಅವ್ವ, ಪೇಪರಿನ್ಯಾಗ ಬರದಿದ್ರಲ್ಲ, ಕುದಿಯೂ ನೀರಾಗೂ ಜೀವ ಅಂತ, ಅದು ನೀ ತಿಳಕೊಂಡಂಗ ಅಲ್ಲ. ನಾ ಸಾಕಿದಂಥಾವು ನಮ್ಮ ಬಾವ್ಯಾಗ ಇಲ್ಲ. ಕಾಸಿದ ಮ್ಯಾಲೂ ಉಳಿಯೂವು ಅಂದ್ರ, ಚಿಪ್ಪಿನಾಗ ಮಲಗಿದಂಥಾವು ಅಷ್ಟ."

"ಮಲಗಿರತಾವ ಅಂದಿ."

"ಹೂಂ. ಕಾಸಿದ್ರೂ ಏಳೂದಿಲ್ಲ, ಸಾಯೂದೂ ಇಲ್ಲ."

"ಹೊಟ್ಯಾಗ ಹೋದ ಮ್ಯಾಲ?"

"ಭಾಳ ಮಟ್ಟಿಗೆ ಹೋದಂಗ ಹೋಗಿ ಬಂದಂಗ ಹೊರಗ ಬರತಾವ. ನೀ ಕುಡದ್ರ ಅವಕ್ಕ ತ್ರಾಸಿಲ್ಲ."

ಅವ್ವ ಮೊರವನ್ನು ಕೆಳಗಿಟ್ಟಳು. ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಂದ್ರ ನನ್ನ ಹೊಟ್ಟಿ ಅವಕ್ಕ ಖಾನಾಪುರ ಬಸ್ ಸ್ಟ್ಯಾಂಡ್ ಆತು. ಇಷ್ಟ ಹೇಳಾಕ ಬೆಳಗಾವಿಯಿಂದ ಬಂದಿ?"

"ಮತ್ತ ಶನಿವಾರ ಯಾಕ ನೀರ ಬಿಟ್ಟೀದಿ?"

ನಗು ನಿಂತಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಒಳಗೆ ಪಾತ್ರೆಯ ಸಪ್ಪಳವೂ ನಿಂತಿತ್ತು.

"ಅದು ಕಾಸಿದ ನೀರಿನ ಸಂಬಂಧ ಅಲ್ಲ" ಎಂದಳು. "ಕಾಸೂದೂ ಪಾಪಾನ, ನನಗ ಗೊತ್ತಿಲ್ಲೇನ? ಹಸೀ ನೀರಾಗ ಅವು ಮತ್ತ ಮತ್ತ ಹುಟ್ಟಿ ಸಾಯೂದು ತಪ್ಪಲಿ ಅಂತ ಕಾಸತೇವಿ. ಅದರಾಗ ಒಂದೆರಡು ಉಳದ್ವು ಅಂದ್ರ ಚಲೋನ ಆತಲ್ಲ. ಶನಿವಾರ ನೀ ಕುಕ್ಕರ್ ಇಡೂ ದಿವಸ. ಅದಕ್ಕ."

ನನಗೆ ಬಂದದ್ದು ಬರೀ ಸಿಟ್ಟು. ನನ್ನ ಕೆಲಸ ಪಾಪ ಎಂದು ಇವಳು ಇಷ್ಟು ವರ್ಷ ಬಾಯಿಬಿಟ್ಟು ಹೇಳದೆ, ನನ್ನ ಬದಲಿಗೆ ತಾನು ಒಣಗುತ್ತ ಕೂತಿದ್ದಾಳೆ. ಪ್ರತಿ ಶನಿವಾರ ಫೋನು ಮಾಡಿ ಕೇಳುತ್ತಿದ್ದದ್ದು ಇದಕ್ಕೆ. ನಾನು ಮೂರ್ಖಳ ಹಾಗೆ ಒಂದೊಂದನ್ನೂ ಬಣ್ಣಿಸಿ ಹೇಳುತ್ತಿದ್ದೆ.

"ಒಬ್ಬರ ಕರ್ಮ ಇನ್ನೊಬ್ಬರು ಹೊರಾಕ ಬರೂದಿಲ್ಲ ಅಂತ ಸಣ್ಣಾಕಿ ಇದ್ದಾಗ ನೀನ ಕಲಿಸೀದಿ" ಎಂದೆ. ನನ್ನ ಧ್ವನಿ ಏರಿತ್ತು. "ನಾ ಮಾಡಿದ್ದು ನಾನ ಉಣ್ಣಬೇಕು. ನೀ ಸತ್ತ ಹೋದ್ರೂ ನನ್ನ ಪಾಪ ಒಂದು ಗುಂಜಿ ಕಡಿಮಿ ಆಗೂದಿಲ್ಲ. ಬಸದ್ಯಾಗ ಬೇಕಾದವರನ್ನ ಕೇಳು. ನಿನ್ನ ಉಪವಾಸ ಸುಮ್ನ ದಂಡ."

"ನಿನ್ನ ಕರ್ಮ ಯಾರ ಹೊರಾಕತ್ತಾರ?" ಎಂದಳು ಅವ್ವ. "ನನ್ನದ ನನಗ ಸಾಕಾಗೇತಿ."

"ನಿಂದೇನೈತಿ ಇದರಾಗ? ನೀ ಏನ ಮಾಡೀದಿ?"

ಅವ್ವ ಮೊರದೊಳಗಿನ ಜೋಳವನ್ನು ಬೆರಳಿನಿಂದ ಹರಡುತ್ತ, ಕೂಡಿಸುತ್ತ ಇದ್ದಳು.

"ಪಾಪ ಮಾಡೂದು ಒಂದು, ಮಾಡಸೂದು ಒಂದು, ಮಾಡಿದ್ದು ನೋಡಿ ಹಿಗ್ಗೂದು ಒಂದು. ಮೂರೂ ಸರೀನ ಅಂತ ಹೇಳ್ಯಾರ. ನೀ ಮಾಡ್ತಿ. ನಾ ಹಿಗ್ಗತೇನಿ."

"ಏನಂದಿ?"

"ಹಿಗ್ಗತೇನಿ ಅಂದೆ. ಅವತ್ತು ಪೇಪರ್ ಓದಿದನಲ್ಲ, ಮರುದಿನ ಬಸದ್ಯಾಗ ಜಪಕ್ಕ ಕುಂತ್ರ ಜಪಾನ ಬರವಲ್ದು. ನಿನ್ನ ಸುದ್ದೀನ ಬರತೈತಿ. ನನ್ನ ಮಗಳು ಬೆಂಕ್ಯಾಗ ಜೀವ ಹುಡುಕ್ಯಾಳ ಅಂತ. ನೀ ಫೋನಿನ್ಯಾಗ ಇದು ಬೆಳೀತು, ಅದು ಬೆಳೀತು ಅಂತಿ, ನನಗ ಆ ವಾರ ಕಾಲ ನೆಲಕ್ಕ ಹತ್ತೂದಿಲ್ಲ. ಯಾರ ಮುಂದ ಹೇಳಲಿ? ಅಷ್ಟ ಜೀವ ಬೇಯೂ ಕೆಲಸ, ಅದಕ್ಕ ನಾ ಇಷ್ಟ ಹಿಗ್ಗತೇನಿ ಅಂದ್ರ ಅದು ನನಗ ಅಂಟೂದಿಲ್ಲೇನ? ಅದಕ್ಕ ವಾರಕ್ಕೊಂದು ದಿನ ಬಿಟ್ಟೇನಿ."

ನನಗೆ ಅಳು ಬಂತು. ಐವತ್ತು ದಾಟಿದ ಹೆಂಗಸು ಪಡಸಾಲೆಯಲ್ಲಿ ಕೂತು ಅಳುವುದೆಂದರೆ ಏನು ಚಂದ, ಆದರೂ ತಡೆಯಲಾಗಲಿಲ್ಲ. ಸಂತೋಷಕ್ಕೋ, ಸಂಕಟಕ್ಕೋ ನನಗೇ ತಿಳಿಯಲಿಲ್ಲ. ಯಾವ ಮಾತಿಗಾಗಿ ನಾನು ಇಷ್ಟು ವರ್ಷ ಕಾದಿದ್ದೆನೋ ಅದು ಸಿಕ್ಕಿತ್ತು, ಮತ್ತು ಅದೇ ಅವಳನ್ನು ಎರಡು ಸಲ ಆಸ್ಪತ್ರೆಗೆ ಹಾಕಿತ್ತು.

"ಹಂಗಾದ್ರ ಹಿಗ್ಗಬ್ಯಾಡ" ಎಂದೆ, ಮೂಗು ಒರೆಸಿಕೊಳ್ಳುತ್ತ.

"ಅದು ನನ್ನ ಕೈಯಾಗಿಲ್ಲ. ನೀರ ಬಿಡೂದು ನನ್ನ ಕೈಯಾಗೈತಿ."

ನಾನು ಕೆಲಸ ಬಿಡುತ್ತೇನೆ ಎಂದೆ. "ಬಿಟ್ಟು ನೋಡು, ಕಾಲ ಮುರೀತೇನಿ" ಎಂದಳು. ಬೇಯಿಸದೆ ಚೆಲ್ಲುವಂತಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಊರ ಮಂದಿಗೆ ರೋಗ ಹಚ್ಚುವುದು ಅದಕ್ಕಿಂತ ದೊಡ್ಡ ಪಾಪ. ಹೀಗೆ ಸುತ್ತಿ ಸುತ್ತಿ ಮತ್ತೆ ನೀರಿನ ಹತ್ತಿರವೇ ಬಂದು ನಿಲ್ಲುತ್ತಿದ್ದೆವು. ಕೊನೆಗೆ ನನಗೆ ನೆನಪಾದದ್ದು ನಮ್ಮಲ್ಲಿಯ ಇನ್ನೊಂದು ವ್ರತ. ಪೂರ್ತಿ ಉಪವಾಸದ ಬದಲು ಊಟದಲ್ಲಿ ಒಂದು ರುಚಿಯನ್ನು ಬಿಡುವುದೂ ಉಂಟು: ತ್ಯಾಗ ಮಾಡುವವರು ತುಪ್ಪ ಬಿಡುತ್ತಾರೆ, ಹಾಲು ಬಿಡುತ್ತಾರೆ, ಉಪ್ಪು ಬಿಡುತ್ತಾರೆ.

"ನೀರಿನ ಬದಲಿ ಉಪ್ಪು ಬಿಡು" ಎಂದೆ. "ಶನಿವಾರ ಸಪ್ಪನ್ನ ಊಟ. ಅದೂ ವ್ರತಾನ."

ಅವ್ವ ನನ್ನ ಮುಖವನ್ನೇ ನೋಡಿದಳು. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಎರಡು ಸಲವೂ ಹೇಳಿದ್ದರು, ಅವ್ವ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಉಪ್ಪು ಒಂಚೂರು ಕಡಿಮೆಯಾದರೂ ತಾಟು ಸರಿಸುವ ಹೆಂಗಸು ಅವಳು.

"ಡಾಕ್ಟರ್ ಹೇಳಿದ್ದನ್ನ ಧರ್ಮದಾಗ ಸುತ್ತಿ ಕೊಡಾಕತ್ತೀಯೇನ? ಭಾಳ ಶಾಣ್ಯಾಕಿ ಆಗೀದಿ."

"ನಿನಗ ಬಿಡಾಕ ಭಾಳ ಕಷ್ಟ ಯಾವುದು, ನೀರೋ ಉಪ್ಪೋ?"

ಅವಳು ಸುಳ್ಳು ಹೇಳುವವಳಲ್ಲ. "ಉಪ್ಪು" ಎಂದಳು ಕೊನೆಗೆ, ಸೋತವಳ ಹಾಗೆ. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಸದ್ದಿಲ್ಲದೆ ನಕ್ಕದ್ದು ನನಗೆ ಗೊತ್ತಾಯಿತು.

ಬೆಳಗಾವಿಗೆ ಬಂದ ಮೇಲೆ ಶನಿವಾರ ಡಬ್ಬಿಗಳನ್ನು ಚೆಲ್ಲಲು ಕೈ ಹಿಂದುಮುಂದು ನೋಡತೊಡಗಿತು. ಬೇಯಿಸುವುದು ತಪ್ಪುವುದಿಲ್ಲ ನಿಜ, ಆದರೆ ಖಾತ್ರಿ ಬೇಡಾದದ್ದಷ್ಟೇ ಹೋಗಲಿ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅನುಮಾನ ಇದ್ದದ್ದನ್ನು ಮತ್ತೆ ಕಾವಿಗೆ ಇಡುತ್ತಿದ್ದೆ. "ಜಾಗ ಸಾಲವಲ್ದ್ರಿ ಮೇಡಮ್" ಎಂದು ವಿದ್ಯಾರ್ಥಿಗಳು ಗೊಣಗಿದರು, ಅವರಿಗೆ ನನ್ನ ಸಿಟ್ಟಿನ ರುಚಿ ತೋರಿಸಿದೆ. ಹಾಗೆ ಉಳಿದ ಡಬ್ಬಿಗಳಲ್ಲಿ ಆ ಹಟಮಾರಿ ಜಾತಿಯವೂ ಇದ್ದವು. ವಾರಗಳು ಕಳೆದವು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಗಂಜಿಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು. ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಅವೇ, ಸಣಕಲು ಉದ್ದನೆಯ ಗೆರೆಗಳು. ಅವು ಸತ್ತಿರಲಿಲ್ಲ, ನಿಧಾನವಾಗಿದ್ದವು ಅಷ್ಟೇ. ಇಷ್ಟು ವರ್ಷ ನಾವೇ ಅವು ಬೆಳೆಯುವ ಮುಂಚೆ ಬೇಯಿಸಿ ಚೆಲ್ಲುತ್ತಿದ್ದೆವು.

ಅವತ್ತು ಶನಿವಾರ. ಫೋನಿನಲ್ಲಿ ಹೇಳುವ ಸುದ್ದಿ ಅಲ್ಲ ಎಂದು ಊಟದ ಹೊತ್ತಿಗೆ ಖಾನಾಪುರಕ್ಕೆ ಹೋದೆ. ಅವ್ವನ ಮುಂದೆ ಸಪ್ಪನೆಯ ಪಲ್ಯ, ರೊಟ್ಟಿ, ದೊಡ್ಡ ತಂಬಿಗೆಯ ತುಂಬ ಕಾಸಿ ಆರಿಸಿದ ನೀರು. ಪ್ರತಿ ತುತ್ತಿಗೂ ಮುಖ ಹಿಂಡಿಕೊಳ್ಳುತ್ತ ಉಣ್ಣುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಅವಳ ಉಪವಾಸ ತಿಳಿದ ಮೇಲೆ ಚೆಲ್ಲಲು ಕೈ ಬಾರದೆ ಉಳಿಸಿದ್ದು, ಉಳಿಸಿದ್ದಕ್ಕೇ ಅವು ಬೆಳೆದದ್ದು, ಎಲ್ಲ. ಅವ್ವ ಕೇಳುತ್ತಲೇ ಇದ್ದಳು. ತಂಬಿಗೆ ಎತ್ತಿ ಗಟಗಟನೆ ಕುಡಿದು ಕೆಳಗಿಟ್ಟಳು. ಆಮೇಲೆ ಒಳಗೆ ಮುಖ ಮಾಡಿ ಸೊಸೆಯನ್ನು ಕೂಗಿದಳು.

"ನಾಳೇನೂ ನನ್ನ ಪಲ್ಯಾಕ ಉಪ್ಪ ಹಾಕಬ್ಯಾಡವಾ. ಇಷ್ಟ ಹಿಗ್ಗು ಇವತ್ತೊಂದ ದಿನಕ್ಕ ತೀರೂದಿಲ್ಲ."